ಕ್ಯಾಸೆಟ್ಟಿನಿಂದ ಗಣಕಯಂತ್ರಕ್ಕೆ: ಹಾವೇರಿ ಸೀಮೆಯ ದೃಶ್ಯ ಆಕರಗಳ ವಿಚಾರ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ಊರುಗಳು ಪುಣೆ–ಬೆಂಗಳೂರು ಹೆದ್ದಾರಿಯ ಆಸುಪಾಸಿನಲ್ಲಿ, ಒಂದರಿಂದ ಇನ್ನೊಂದಕ್ಕೆ ಒಂದು ಗಂಟೆಯೊಳಗಾಗಿ ತಲುಪಬಹುದಾದ ಅಂತರದಲ್ಲಿ ಇವೆ. ಈ ಸೀಮೆಯ ಪ್ರಾಚೀನ ಇತಿಹಾಸವನ್ನು ಬರೆಯಹೊರಟವನಿಗೆ ಆಕರಗಳ ಕೊರತೆಯಿಲ್ಲ. ಹಾವೇರಿಯ ಸಿದ್ಧೇಶ್ವರ ದೇವಾಲಯದ ಶಾಸನಗಳು, ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ ಗುತ್ತರಸರ ಕಾಲದ ನೀಳವಾದ ಬರಹಗಳು, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ಕನಕದಾಸರನ್ನು ಕುರಿತ ಪರಂಪರೆ, ಇವೆಲ್ಲವೂ ವಿದ್ವಾಂಸರಿಗೆ ಪರಿಚಿತವಾದವುಗಳೇ. ಆದರೆ 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯು ಹುಟ್ಟಿದ ತರುವಾಯದ ಹದಿನೈದು ವರ್ಷಗಳ ಸಮಾಜಜೀವನವನ್ನು ತಿಳಿಯಬೇಕಾದರೆ ಸಂಶೋಧಕನು ಎಲ್ಲಿಗೆ ಹೋಗಬೇಕು? ಸರಕಾರದ ಕಡತಗಳಿವೆ, ಪತ್ರಿಕೆಗಳಿವೆ, ಹಿರಿಯರ ನೆನಪುಗಳಿವೆ. ಇವುಗಳ ಜೊತೆಗೆ, ಇದುವರೆಗೆ ಯಾರೂ ಆಕರವೆಂದು ಲೆಕ್ಕಕ್ಕೆ ಹಿಡಿಯದ ಇನ್ನೊಂದು ರಾಶಿಯಿದೆ. ಅದೆಂದರೆ ಸ್ಟುಡಿಯೋಗಳ ಮೂಲೆಗಳಲ್ಲಿಯೂ ಮನೆಗಳ ಟ್ರಂಕುಗಳಲ್ಲಿಯೂ ಬಿದ್ದಿರುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮಿನಿ ಡಿವಿ ಕ್ಯಾಸೆಟ್ಟುಗಳು.

ಈ ಕ್ಯಾಸೆಟ್ಟುಗಳಲ್ಲಿರುವ ದೃಶ್ಯವು ಕ್ಯಾಮೆರಾದಿಂದ ಗಣಕಯಂತ್ರಕ್ಕೆ ಯಾವ ಮಾರ್ಗವಾಗಿ ಸಾಗಿತು, ಹಾಗೆ ಸಾಗುವಾಗ ಏನನ್ನು ಉಳಿಸಿಕೊಂಡಿತು, ಏನನ್ನು ಕಳೆದುಕೊಂಡಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಯಂತ್ರಜ್ಞರ ವಿಷಯವಲ್ಲವೇ, ಇತಿಹಾಸಕಾರನಿಗೆ ಇದರ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ತಾಮ್ರಪಟವನ್ನು ಓದುವವನು ಅಕ್ಷರ ಕೊರೆಯುವ ಕ್ರಮವನ್ನೂ, ಓಲೆಗರಿಯನ್ನು ಓದುವವನು ಕಂಠದ ಮೊನೆಯನ್ನೂ ಮಸಿಯನ್ನೂ ಅರಿತಿರಬೇಕೆಂಬುದನ್ನು ನಾವು ಒಪ್ಪಿದ್ದೇವೆ. ಅದೇ ನ್ಯಾಯವು ಇಲ್ಲಿಯೂ ಸಲ್ಲತಕ್ಕದ್ದು.

ಡಿವಿ ಎಂಬ ಮುದ್ರಣಪದ್ಧತಿಯು ಬಳಕೆಗೆ ಬಂದದ್ದು 1995ರಲ್ಲಿ. ಅದಕ್ಕೂ ಮೊದಲು ನಮ್ಮ ಊರುಗಳಲ್ಲಿ ಮದುವೆ, ಜಾತ್ರೆ, ಸಭೆ, ಸಮಾರಂಭಗಳ ಚಿತ್ರಣವು ಹೆಗಲ ಮೇಲೆ ಹೊರುವ ವಿಎಚ್‌ಎಸ್ ಕ್ಯಾಮೆರಾಗಳಿಂದ ನಡೆಯುತ್ತಿತ್ತು. ಆ ಕಾಲದ ‘ಮಿಕ್ಸಿಂಗ್’ ಎಂದರೆ ಒಂದು ಕ್ಯಾಸೆಟ್ಟನ್ನು ನಡೆಸುತ್ತ ಇನ್ನೊಂದರ ಮೇಲೆ ಬೇಕಾದ ಭಾಗವನ್ನು ಇಳಿಸಿಕೊಳ್ಳುವುದು. ಪ್ರತಿಯೊಂದು ಸಲ ಇಳಿಸಿದಾಗಲೂ ಚಿತ್ರವು ಒಂದಿಷ್ಟು ಮಂಕಾಗುತ್ತಿತ್ತು, ಬಣ್ಣ ಹರಡುತ್ತಿತ್ತು. ಲಿಪಿಕಾರನು ಪ್ರತಿಯಿಂದ ಪ್ರತಿ ಮಾಡಿದಂತೆಲ್ಲ ಪಾಠವು ಕೆಡುತ್ತ ಹೋಗುವುದಕ್ಕೂ ಇದಕ್ಕೂ ಭೇದವಿಲ್ಲ. ಡಿವಿಯ ವೈಶಿಷ್ಟ್ಯವೆಂದರೆ ಅದು ಚಿತ್ರವನ್ನು ಅಂಕೆಗಳ ರೂಪದಲ್ಲಿಯೇ ಪಟ್ಟಿಯ ಮೇಲೆ ಬರೆಯುತ್ತದೆ. ಪಟ್ಟಿಯ ಅಗಲ 6.35 ಮಿಲಿಮೀಟರು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಒಂದೊಂದು ಚಿತ್ರಕ್ಕೆ ಓರೆಯಾಗಿ ಬರೆದ 12 ಗೆರೆಗಳು, ಒಂದೊಂದು ಗೆರೆಯ ಅಗಲ ಮಿಲಿಮೀಟರಿನ ನೂರನೆಯ ಒಂದು ಭಾಗ. ಅಂಕೆಯನ್ನು ಅಂಕೆಯಾಗಿಯೇ ನಕಲು ಮಾಡಿದರೆ ನಕಲಿಗೂ ಮೂಲಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಸಾವಿರ ಸಲ ನಕಲು ಮಾಡಿದರೂ ಅಷ್ಟೇ.

ಆದರೆ ಅಂಕೆಯನ್ನು ಅಂಕೆಯಾಗಿಯೇ ಗಣಕಯಂತ್ರಕ್ಕೆ ಒಯ್ಯುವ ದಾರಿಯೊಂದು ಬೇಕಷ್ಟೆ. ಆ ದಾರಿಯು ಐಇಇಇ 1394 ಎಂಬ ಹೆಸರಿನಿಂದ ಅದೇ 1995ರಲ್ಲಿ ಪ್ರಮಾಣೀಕೃತವಾಯಿತು. ಆಪಲ್ ಸಂಸ್ಥೆಯವರು ಇದನ್ನು ಫೈರ್‌ವೈರ್ ಎಂದು ಕರೆದರು. ಸೋನಿಯವರು ಐ ಲಿಂಕ್ ಎಂದರು. ಕೆಲವು ಕ್ಯಾಮೆರಾಗಳ ಮೈಮೇಲೆ ‘ಡಿವಿ ಔಟ್’ ಎಂದಷ್ಟೇ ಬರೆದಿರುತ್ತದೆ. ಒಂದೇ ರಂಧ್ರಕ್ಕೆ ಮೂರು ಹೆಸರುಗಳಿದ್ದುದರಿಂದ ಕೊಳ್ಳುವವರಿಗೂ ಮಾರುವವರಿಗೂ ಉಂಟಾದ ಗೊಂದಲ ಅಷ್ಟಿಷ್ಟಲ್ಲ. 1995ರಲ್ಲಿಯೇ ಬಂದ ಸೋನಿಯ ವಿಎಕ್ಸ್ 1000 ಎಂಬ ಕ್ಯಾಮೆರಾದಲ್ಲಿ ಈ ರಂಧ್ರವಿತ್ತು. 1999ರಲ್ಲಿ ಆಪಲ್ಲಿನವರು ಐಮ್ಯಾಕ್ ಡಿವಿ ಎಂಬ ಗೃಹಬಳಕೆಯ ಗಣಕಯಂತ್ರವನ್ನೂ ಅದರೊಡನೆ ಐಮೂವಿ ಎಂಬ ಸಂಕಲನದ ತಂತ್ರಾಂಶವನ್ನೂ ಹೊರತಂದರು. 2000ದಲ್ಲಿ ಮೈಕ್ರೋಸಾಫ್ಟಿನವರು ವಿಂಡೋಸ್ ಎಂಇಯೊಡನೆ ಮೂವಿ ಮೇಕರನ್ನು ಕೊಟ್ಟರು. ದೃಶ್ಯಸಂಕಲನವೆಂಬುದು ದೊಡ್ಡ ನಗರಗಳ ಸ್ಟುಡಿಯೋವನ್ನು ಬಿಟ್ಟು ಮನೆಯ ಮೇಜಿನ ಮೇಲಕ್ಕೆ ಬಂದದ್ದು ಹೀಗೆ. ನಮ್ಮ ಭಾಗದ ಮದುವೆ ಚಿತ್ರಣದ ಕಸುಬಿನಲ್ಲಿ ಪ್ಯಾನಾಸಾನಿಕ್‌ನ ಎಂಡಿ 9000, ಎಂಡಿ 10000, ಸೋನಿಯ ಪಿಡಿ 150, ಪಿಡಿ 170 ಎಂಬ ಹೆಸರುಗಳು ಮನೆಮಾತಾದದ್ದು ಇದರ ಬೆನ್ನಿಗೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಕಾಲದ ಎಲ್ಲ ಗಣಕಯಂತ್ರಗಳಲ್ಲಿಯೂ ಯುಎಸ್‌ಬಿ ಎಂಬ ರಂಧ್ರವಿರುತ್ತಿತ್ತು. ಅನೇಕ ಕ್ಯಾಮೆರಾಗಳಲ್ಲಿಯೂ ಅದಿತ್ತು. ಹೀಗಿರಲು ಪ್ರತ್ಯೇಕವಾದ ಫೈರ್‌ವೈರ್ ಏಕೆ ಬೇಕಾಯಿತು? ಉತ್ತರವು ಸರಳವಾದ ಲೆಕ್ಕದಲ್ಲಿದೆ. ಡಿವಿಯ ಚಿತ್ರವೊಂದಕ್ಕೇ ಸೆಕೆಂಡಿಗೆ 25 ಮೆಗಾಬಿಟ್ ಬೇಕು. ಮೊದಲ ಯುಎಸ್‌ಬಿಯು ಸೆಕೆಂಡಿಗೆ 12 ಮೆಗಾಬಿಟ್‌ಗಿಂತ ಹೆಚ್ಚು ಸಾಗಿಸಲಾರದು. ಫೈರ್‌ವೈರಾದರೋ 400 ಮೆಗಾಬಿಟ್ ಸಾಗಿಸಬಲ್ಲದು. 2000ದಲ್ಲಿ 480 ಮೆಗಾಬಿಟ್ಟಿನ ಯುಎಸ್‌ಬಿ 2 ಬಂದಿತಾದರೂ ಕ್ಯಾಮೆರಾ ತಯಾರಕರಲ್ಲಿ ಬಹುಮಂದಿ ಪಟ್ಟಿಯ ದೃಶ್ಯಕ್ಕೆ ಹಳೆಯ ದಾರಿಯನ್ನೇ ಉಳಿಸಿಕೊಂಡರು. ಯುಎಸ್‌ಬಿ ರಂಧ್ರದಿಂದ ಹೊರಬರುತ್ತಿದ್ದುದು ಸಾಮಾನ್ಯವಾಗಿ ಸ್ಥಿರಚಿತ್ರಗಳು, ಇಲ್ಲವೆ ಅಂಗೈಯಗಲದ ಮಸುಕಾದ ಚಲನಚಿತ್ರ. ಕ್ಯಾಮೆರಾದ ಡಬ್ಬಿಯಲ್ಲಿ ಯುಎಸ್‌ಬಿ ತಂತಿಯಿರುತ್ತಿತ್ತು. ಅನೇಕ ವೇಳೆ ಫೈರ್‌ವೈರ್ ತಂತಿಯನ್ನು ಬೇರೆಯಾಗಿ ಕೊಳ್ಳಬೇಕಾಗುತ್ತಿತ್ತು. ಆದುದರಿಂದ ಮನೆಯಲ್ಲಿ ತಾವೇ ಸಂಕಲನ ಮಾಡಹೊರಟ ಹವ್ಯಾಸಿಗಳ ಹಳೆಯ ಕಡತಗಳಲ್ಲಿ 320 ಚುಕ್ಕೆ ಅಗಲದ ಚಿತ್ರ ಕಂಡುಬಂದರೆ ಅದು ಯುಎಸ್‌ಬಿ ದಾರಿಯಿಂದ ಬಂದದ್ದಾಗಿರಬಹುದೆಂದು ಸಂಶೋಧಕನು ಶಂಕಿಸಿ, ಮೂಲ ಕ್ಯಾಸೆಟ್ಟನ್ನು ಹುಡುಕಬೇಕು.

ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಸಾಮಾನ್ಯ ಗಣಕಯಂತ್ರದೊಳಗೆ ಮೊದಲು ಫೈರ್‌ವೈರ್ ಕಾರ್ಡೊಂದನ್ನು ಕೂರಿಸಬೇಕು. ತಂತಿಯ ಒಂದು ತುದಿ ಕ್ಯಾಮೆರಾದ ನಾಲ್ಕು ಕಡ್ಡಿಯ ಚಿಕ್ಕ ರಂಧ್ರಕ್ಕೆ, ಇನ್ನೊಂದು ತುದಿ ಗಣಕದ ಆರು ಕಡ್ಡಿಯ ದೊಡ್ಡ ರಂಧ್ರಕ್ಕೆ. ಆರು ಕಡ್ಡಿಯಲ್ಲಿ ಎರಡು ವಿದ್ಯುತ್ತನ್ನು ಒಯ್ಯುವವು. ಆ ತುದಿಯನ್ನು ತಲೆಕೆಳಗಾಗಿ ಬಲವಂತದಿಂದ ತುರುಕಿದರೆ ಒಳಗಿನ ಚಿಪ್ಪು ಸುಟ್ಟುಹೋಗುತ್ತದೆ. ಅನುಭವಸ್ಥರು ಎರಡೂ ಯಂತ್ರಗಳನ್ನು ಆರಿಸಿಯೇ ತಂತಿ ಜೋಡಿಸುವುದು ಇದಕ್ಕಾಗಿ. ತರುವಾಯ ಕ್ಯಾಮೆರಾವನ್ನು ಚಿತ್ರ ತೆಗೆಯುವ ಸ್ಥಿತಿಯಿಂದ ವಿಸಿಆರ್ ಸ್ಥಿತಿಗೆ ತಿರುಗಿಸಬೇಕು. ಆಗ ಗಣಕವು ಕ್ಯಾಮೆರಾವನ್ನು ಗುರುತಿಸಿ, ಅದರ ಪಟ್ಟಿಯನ್ನು ತಾನೇ ಮುಂದಕ್ಕೂ ಹಿಂದಕ್ಕೂ ಓಡಿಸಬಲ್ಲದು. ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಒಂದು ಗಂಟೆಯ ಕ್ಯಾಸೆಟ್ಟು ಇಳಿಯಲು ಪೂರ್ತಿ ಒಂದು ಗಂಟೆಯೇ ಬೇಕು. ನಡುವೆ ಕರೆಂಟು ಹೋಯಿತೆಂದರೆ, ಯುಪಿಎಸ್ ಇಲ್ಲದ ಕಡೆ, ಮೊದಲಿನಿಂದ ಮತ್ತೆ ಆರಂಭ. ಉತ್ತರ ಕರ್ನಾಟಕದ ವಿದ್ಯುತ್ ಕಡಿತದ ದಿನಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಳಿದ ಒಂದು ಗಂಟೆಯ ದೃಶ್ಯಕ್ಕೆ ಸುಮಾರು 13 ಗಿಗಾಬೈಟ್ ಸ್ಥಳ ಬೇಕು. 40 ಗಿಗಾಬೈಟಿನ ಹಾರ್ಡ್ ಡಿಸ್ಕನ್ನು ದೊಡ್ಡದೆಂದು ಎಣಿಸುತ್ತಿದ್ದ ಆ ಕಾಲದಲ್ಲಿ ಅದರೊಳಗೆ ಮೂರು ಕ್ಯಾಸೆಟ್ಟುಗಳು ಹಿಡಿದರೆ ಹೆಚ್ಚು. ಮೇಲಾಗಿ ಹಳೆಯ ವಿಂಡೋಸ್ ಯಂತ್ರಗಳ ಫ್ಯಾಟ್ 32 ಎಂಬ ಕಡತವ್ಯವಸ್ಥೆಯಲ್ಲಿ ಒಂದು ಕಡತವು 4 ಗಿಗಾಬೈಟನ್ನು ಮೀರುವಂತಿಲ್ಲ. ಎಂದರೆ ಸುಮಾರು 19 ನಿಮಿಷಕ್ಕೆ ದೃಶ್ಯವು ತುಂಡಾಗುತ್ತದೆ. ಹಳೆಯ ಡಿಸ್ಕುಗಳಲ್ಲಿ ಒಂದೇ ಸಮಾರಂಭವು ಹದಿನೆಂಟು–ಹತ್ತೊಂಬತ್ತು ನಿಮಿಷಗಳ ಖಂಡಗಳಾಗಿ ಸಿಕ್ಕರೆ, ಅದು ಸಂಕಲನಕಾರನ ಇಚ್ಛೆಯಿಂದಾದ ವಿಭಾಗವೆಂದು ಭ್ರಮಿಸಬಾರದು. ಸ್ಥಳದ ಈ ಬಡತನದ ಇನ್ನೊಂದು ಪರಿಣಾಮ ಹೆಚ್ಚು ಗಂಭೀರವಾದುದು. ಒಂದು ಮದುವೆಯ ಕೆಲಸ ಮುಗಿದೊಡನೆ ಮುಂದಿನ ಮದುವೆಗೆ ಜಾಗ ಮಾಡಿಕೊಡುವ ಸಲುವಾಗಿ ಇಳಿಸಿದ ಮೂಲದೃಶ್ಯವನ್ನು ಅಳಿಸಿಬಿಡುವುದೇ ಪದ್ಧತಿಯಾಯಿತು. ಆದ್ದರಿಂದ ಸಂಕಲನವಾಗದ ಪೂರ್ಣದೃಶ್ಯವು ಇಂದು ಉಳಿದಿರುವುದಾದರೆ ಅದು ಕ್ಯಾಸೆಟ್ಟಿನಲ್ಲಿಯೇ ಹೊರತು ಬೇರೆಲ್ಲಿಯೂ ಅಲ್ಲ.

ಫೈರ್‌ವೈರ್ ಇಲ್ಲದವರು ಹಳದಿ, ಕೆಂಪು, ಬಿಳಿ ಬಣ್ಣದ ಮೂರು ತಂತಿಗಳಿಂದ ಕ್ಯಾಮೆರಾವನ್ನು ಗಣಕಕ್ಕೆ ಜೋಡಿಸುತ್ತಿದ್ದರು. ಈಗಲೂ ‘ಹಳೆಯ ಕ್ಯಾಸೆಟ್ಟು ಡಿಜಿಟಲ್ ಮಾಡಿಕೊಡುತ್ತೇವೆ’ ಎಂಬ ಅನೇಕ ಅಂಗಡಿಗಳಲ್ಲಿ ನಡೆಯುವುದು ಇದೇ. ಪರದೆಯ ಮೇಲೆ ನೋಡಿದರೆ ಎರಡಕ್ಕೂ ಅಂತರ ಅಲ್ಪವೆನಿಸುತ್ತದೆ. ಇತಿಹಾಸಕಾರನಿಗೆ ಅಂತರವು ಅಪಾರವಾದದ್ದು, ಏಕೆಂದರೆ ಡಿವಿ ಪಟ್ಟಿಯ ಮೇಲೆ ಚಿತ್ರ, ಧ್ವನಿಗಳ ಮಗ್ಗುಲಲ್ಲಿಯೇ ಆ ದೃಶ್ಯವನ್ನು ತೆಗೆದ ದಿನಾಂಕವೂ ಗಂಟೆ, ನಿಮಿಷ, ಸೆಕೆಂಡುಗಳೂ ಕಣ್ಣಿಗೆ ಕಾಣದಂತೆ ಬರೆಯಲ್ಪಟ್ಟಿರುತ್ತವೆ. ಫೈರ್‌ವೈರ್ ಮಾರ್ಗದಲ್ಲಿ ಈ ಬರಹವೂ ಚಿತ್ರದೊಡನೆ ಗಣಕಕ್ಕೆ ಬರುತ್ತದೆ. ಮೂರು ಬಣ್ಣದ ತಂತಿಯಲ್ಲಿ ಚಿತ್ರ ಮಾತ್ರ ಬರುತ್ತದೆ; ಬರಹ ಅಲ್ಲಿಯೇ ಉಳಿಯುತ್ತದೆ.

ಇದನ್ನು ನಮ್ಮ ಪ್ರದೇಶದ ಶಾಸನಶಾಸ್ತ್ರದ ಇತಿಹಾಸದಿಂದಲೇ ವಿಶದಪಡಿಸಬಹುದು. 1824ರ ಕಿತ್ತೂರಿನ ಬಂಡಾಯದಲ್ಲಿ ಸೆರೆಸಿಕ್ಕಿದ್ದ ವಾಲ್ಟರ್ ಎಲಿಯಟ್ಟನು ಮುಂದೆ ಈ ಸೀಮೆಯಲ್ಲಿ ಐನೂರಕ್ಕೂ ಮಿಕ್ಕ ಶಾಸನಗಳನ್ನು ಪ್ರತಿ ಮಾಡಿಸಿದನು. ಅವು ಕಣ್ಣಿನಿಂದ ನೋಡಿ ಕೈಯಿಂದ ಬರೆದ ಪ್ರತಿಗಳು. ಕಲ್ಲಿನಲ್ಲಿ ಸವೆದ ಅಕ್ಷರವನ್ನು ಬರೆಯುವವನು ತನಗೆ ತೋಚಿದಂತೆ ತುಂಬಿದ್ದರೆ ನಮಗೆ ಅದು ತಿಳಿಯುವ ಬಗೆಯಿಲ್ಲ. ಜೆ. ಎಫ್. ಫ್ಲೀಟರ ಕಾಲಕ್ಕೆ ಕಲ್ಲಿನ ಮೇಲೆ ತೇವದ ಕಾಗದವನ್ನಿಟ್ಟು ತಟ್ಟಿ ತೆಗೆದ ಅಚ್ಚುಗಳನ್ನು ಮುಂದಿಟ್ಟುಕೊಂಡು ಪಾಠವನ್ನು ನಿರ್ಣಯಿಸುವ ಕ್ರಮವು ನೆಲೆಗೊಂಡಿತು. ಅಚ್ಚಿನಲ್ಲಿ ಕಲ್ಲಿನ ಬಿರುಕು ಕೂಡ ಮೂಡುತ್ತದೆ. ಎಲಿಯಟ್ಟನ ಸಂಗ್ರಹದ ಮಹತ್ವವನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. ಕಲ್ಲೇ ಕಾಣೆಯಾದೆಡೆ ಆ ಪ್ರತಿಯೇ ಗತಿ. ಆದರೆ ಕಲ್ಲು ಎದುರಿಗೇ ಇರುವಾಗ ಕೈಪ್ರತಿಯಿಂದ ತೃಪ್ತನಾಗುವ ಸಂಶೋಧಕನನ್ನು ನಾವು ಮೆಚ್ಚುವುದಿಲ್ಲ. ಬಣ್ಣದ ತಂತಿಯ ಮಾರ್ಗವು ಕೈಪ್ರತಿ. ಫೈರ್‌ವೈರ್ ಮಾರ್ಗವು ಅಚ್ಚು.

ದಿನಾಂಕವಿದೆಯೆಂದ ಮಾತ್ರಕ್ಕೆ ಅದನ್ನು ಕಣ್ಣುಮುಚ್ಚಿ ಒಪ್ಪಲಾಗದು. ಶಕವರ್ಷಕ್ಕೂ ಸಂವತ್ಸರಕ್ಕೂ ವಾರಕ್ಕೂ ತಾಳೆಯಾಗದ ಶಾಸನಗಳನ್ನು ನಾವು ಎಷ್ಟು ಕಂಡಿಲ್ಲ! ಕ್ಯಾಮೆರಾದ ಗಡಿಯಾರವು ಒಳಗಿನ ಚಿಕ್ಕ ಬ್ಯಾಟರಿಯಿಂದ ನಡೆಯುವಂಥದು. ಅದು ತೀರಿದಾಗ ದಿನಾಂಕವು ತಯಾರಕರು ಇಟ್ಟ ಆರಂಭದ ದಿನಕ್ಕೆ, ಸಾಮಾನ್ಯವಾಗಿ ಯಾವುದಾದರೊಂದು ವರ್ಷದ ಜನವರಿ 1ಕ್ಕೆ, ಮರಳುತ್ತದೆ. ಹೊರದೇಶದಿಂದ ನೆಂಟರು ತಂದುಕೊಟ್ಟ ಕ್ಯಾಮೆರಾ ಆ ದೇಶದ ಗಂಟೆಯನ್ನೇ ತೋರಿಸುತ್ತಿರಬಹುದು. ಅಕ್ಕಿಕಾಳು ಬೀಳುವ ದೃಶ್ಯದಲ್ಲಿ ಮಧ್ಯಾಹ್ನದ ಬಿಸಿಲಿದ್ದು ಗಡಿಯಾರ ನಡುರಾತ್ರಿ ಎನ್ನುತ್ತಿದ್ದರೆ ಯಾವುದನ್ನು ನಂಬಬೇಕೆಂಬುದು ಸ್ಪಷ್ಟ. ಲಗ್ನಪತ್ರಿಕೆ, ಮಂಟಪದ ಮೇಲಿನ ಬರಹ, ಗೋಡೆಯ ಕ್ಯಾಲೆಂಡರು, ಇವುಗಳೊಡನೆ ತಾಳೆ ನೋಡಿಯೇ ಕಾಲನಿರ್ಣಯ ಮಾಡತಕ್ಕದ್ದು.

ಒಂದೇ ಕ್ಯಾಸೆಟ್ಟಿನ ಮೇಲೆ ಮೇಲಿಂದ ಮೇಲೆ ಬರೆಯುವ ರೂಢಿಯೂ ಇತ್ತು. ಗಿರಾಕಿಗೆ ಸಲ್ಲುತ್ತಿದ್ದುದು ಸಿದ್ಧವಾದ ಸಿಡಿ. ಕ್ಯಾಸೆಟ್ಟು ಸ್ಟುಡಿಯೋದವರಲ್ಲಿ ಉಳಿದು ಮತ್ತೊಂದು ಸಮಾರಂಭಕ್ಕೆ ಬಳಕೆಯಾಗುತ್ತಿತ್ತು. ಹಿಂದಿನ ಕಾಲದ ವರ್ತಕರ ಕಡತವು ಇಲ್ಲಿ ನೆನಪಿಗೆ ಬರುತ್ತದೆ. ಬಟ್ಟೆಗೆ ಇದ್ದಿಲು, ಹುಣಿಸೆಬೀಜದ ಸರಿಯನ್ನು ಬಳಿದು ಬಳಪದಿಂದ ಲೆಕ್ಕ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದ ಆ ಕಡತಗಳಂತೆಯೇ ಈ ಪಟ್ಟಿಗಳು. ವ್ಯತ್ಯಾಸವೇನೆಂದರೆ ಎರಡನೆಯ ಬರಹವು ಚಿಕ್ಕದಾಗಿದ್ದರೆ ಮೊದಲಿನದರ ಬಾಲವು ಪಟ್ಟಿಯ ಕೊನೆಗೆ ಉಳಿದುಬಿಡುತ್ತದೆ. ಒಂದು ಸಮಾರಂಭ ಮುಗಿದು ನೀಲಿಪರದೆ ಬಂದೊಡನೆ ಯಂತ್ರವನ್ನು ನಿಲ್ಲಿಸದೆ ಪಟ್ಟಿಯ ಕೊನೆಯವರೆಗೂ ಓಡಿಸಬೇಕು. ಕಾಲಸೂಚಿಯು ಒಮ್ಮೆಲೆ ಸೊನ್ನೆಗೆ ಇಳಿದರೆ, ಅಥವಾ ದಿನಾಂಕವು ಹಿಂದಕ್ಕೆ ಜಿಗಿದರೆ, ಅಲ್ಲಿ ಬೇರೊಂದು ಪ್ರಸಂಗವು ಆರಂಭವಾಗಿದೆಯೇ ಎಂದು ಪರೀಕ್ಷಿಸಬೇಕು.

ಇನ್ನು ಸಂಕಲನದ ವಿಚಾರ. ಗಣಕಕ್ಕೆ ಇಳಿದ ದೃಶ್ಯವನ್ನು ಕತ್ತರಿಸಿ, ಜೋಡಿಸಿ, ಹೂವು ಅರಳಿದಂತೆ ಪುಟ ಮಗುಚಿದಂತೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಜಿಗಿಸಿ, ಮೂಲಧ್ವನಿಯನ್ನು ಅಡಗಿಸಿ ಅದರ ಮೇಲೆ ಚಲನಚಿತ್ರದ ಹಾಡನ್ನು ಹೊದಿಸಿ ಕೊಡುವುದು ರೂಢಿಯಾಗಿತ್ತು. ಗಿರಾಕಿಗಳು ಬಯಸಿದ್ದೂ ಅದನ್ನೇ. ಅದರಲ್ಲಿ ದೋಷ ಕಾಣುವುದು ಅನ್ಯಾಯ. ಆದರೆ ಆಕರದ ದೃಷ್ಟಿಯಿಂದ ಇದರ ಪರಿಣಾಮವೇನೆಂಬುದಕ್ಕೆ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರ್ಣಿಕಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು. ಪ್ರತಿವರ್ಷ ಮಹಾನವಮಿಯ ಕಾಲಕ್ಕೆ ಅಲ್ಲಿ ವ್ರತಸ್ಥನಾದ ಗೊರವಯ್ಯನು ಸಾವಿರಾರು ಜನರ ನಡುವೆ ಎತ್ತರವಾದ ಬಿಲ್ಲನ್ನು ಏರುತ್ತಾನೆ. ‘ಸದ್ದಲೇ’ ಎಂಬ ಕೂಗಿಗೆ ಜನಸ್ತೋಮವು ಸ್ತಬ್ಧವಾಗುತ್ತದೆ. ಆತನು ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ವಾಕ್ಯದಿಂದ ಮುಂದಿನ ವರ್ಷದ ಮಳೆ, ಬೆಳೆ, ಧಾರಣೆ, ರಾಜಕೀಯ ಇವೆಲ್ಲವನ್ನೂ ರೈತರೂ ವರ್ತಕರೂ ಊಹಿಸುತ್ತಾರೆ. ಮಾರನೆಯ ದಿನ ಪತ್ರಿಕೆಗಳಲ್ಲಿ ಅಚ್ಚಾಗುವುದು ಕೇಳಿದವರು ಹೇಳಿದ ಪಾಠ. ಒಂದು ಪದ ಬದಲಾದರೂ ಅರ್ಥವೇ ಬೇರೆಯಾಗುವಷ್ಟು ಅದು ಚಿಕ್ಕದು. ಇಂಥ ಕೆಲವೇ ಸೆಕೆಂಡುಗಳ ನುಡಿಗೆ ಕ್ಯಾಮೆರಾದ ಧ್ವನಿಗಿಂತ ಪ್ರಬಲವಾದ ಸಾಕ್ಷ್ಯ ಬೇರಾವುದು? ಡಿವಿ ಪಟ್ಟಿಯು ಸೆಕೆಂಡಿಗೆ 48,000 ಮಾದರಿಗಳಂತೆ ಧ್ವನಿಯನ್ನು ಕುಗ್ಗಿಸದೆ ಬರೆದಿಡಬಲ್ಲದು. ಅದೇ ದೃಶ್ಯವು ಸಂಕಲನಗೊಂಡು, ಡೊಳ್ಳಿನ ಹಿನ್ನೆಲೆಯೋ ಭಕ್ತಿಗೀತೆಯೋ ಅದರ ಮೇಲೆ ಕುಳಿತರೆ, ಉಳಿಯುವುದು ತುಟಿಯ ಚಲನೆ ಮಾತ್ರ. ಕಾರ್ಣಿಕದ ಪಾಠಗಳನ್ನು ವರ್ಷಾನುಕ್ರಮದಲ್ಲಿ ಸಂಗ್ರಹಿಸಬೇಕೆನ್ನುವ ವಿದ್ಯಾರ್ಥಿಯು ಜಾತ್ರೆಯಲ್ಲಿ ಮಾರಿದ ಸಿಡಿಯಿಂದ ತೃಪ್ತನಾಗದೆ, ಅದನ್ನು ತೆಗೆದವರ ಕ್ಯಾಸೆಟ್ಟನ್ನೇ ಅರಸಿ ಹೋಗಬೇಕು.

ಸಿಡಿಯ ಮಾತು ಬಂದುದರಿಂದ ಒಂದು ಲೆಕ್ಕವನ್ನು ಕೊಡಬೇಕು. ಈ ಶತಮಾನದ ಮೊದಲ ವರ್ಷಗಳಲ್ಲಿ ಜನರ ಕೈಸೇರಿದ್ದು ಬಹುಮಟ್ಟಿಗೆ ವಿಸಿಡಿ. ಡಿವಿ ಚಿತ್ರದ ಅಳತೆ 720ಕ್ಕೆ 576 ಚುಕ್ಕೆಗಳಾದರೆ ವಿಸಿಡಿಯದು 352ಕ್ಕೆ 288, ಎಂದರೆ ಕಾಲುಭಾಗ. ಚಿತ್ರಕ್ಕೆ ದೊರೆಯುವ ಅಂಕೆಗಳ ಪ್ರಮಾಣವಂತೂ ಸೆಕೆಂಡಿಗೆ 25 ಮೆಗಾಬಿಟ್ಟಿನಿಂದ ಸುಮಾರು 1.15 ಮೆಗಾಬಿಟ್ಟಿಗೆ, ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಿಮೆಗೆ, ಇಳಿಯುತ್ತದೆ. ಹಿಂದಿನ ಸಾಲಿನಲ್ಲಿ ನಿಂತವರ ಮುಖ, ಅಂಗಡಿಯ ಫಲಕದ ಅಕ್ಷರ, ಸೀರೆಯ ಅಂಚಿನ ಕಸೂತಿ, ಇವೆಲ್ಲ ಮೊದಲು ಅಳಿಯುವುದು ಇಲ್ಲಿ.

ಮದುವೆಯ ಕ್ಯಾಸೆಟ್ಟುಗಳು ಕುಟುಂಬಗಳ ಖಾಸಗಿ ಸಂತೋಷಕ್ಕಾಗಿ ತೆಗೆದವು, ಅವುಗಳಲ್ಲಿ ಇತಿಹಾಸವೇನಿದೆ ಎಂಬುದು ಕೆಲವು ಸಹೋದ್ಯೋಗಿಗಳ ಆಕ್ಷೇಪ. ಇದಕ್ಕೆ ನಮ್ಮ ಉತ್ತರವಿಷ್ಟೆ: ದಾನಶಾಸನವನ್ನು ಕೆತ್ತಿಸಿದವನು ನಮಗೆ ಸುಂಕದ ಹೆಸರುಗಳನ್ನು ತಿಳಿಸಲೆಂದು ಕೆತ್ತಿಸಲಿಲ್ಲ. ಅವನ ಉದ್ದೇಶ ಪುಣ್ಯ. ಸುಂಕ, ಅಳತೆ, ಬೆಳೆ, ಬೀದಿಗಳ ಹೆಸರುಗಳು ನಮಗೆ ದೊರೆತದ್ದು ಆನುಷಂಗಿಕವಾಗಿ. ಸಂಕಲನವಾಗದ ಮದುವೆಯ ದೃಶ್ಯದಲ್ಲಿಯೂ ಹಾಗೆಯೇ. ಬೀಗರನ್ನು ಎದುರುಗೊಳ್ಳುವ ಕ್ರಮ, ಆಹೇರಿಯಾಗಿ ಬಂದ ವಸ್ತುಗಳು, ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತರು, ಯಾರು ಕೂರಲಿಲ್ಲ, ಎಲೆಯ ಮೇಲೆ ಏನು ಬಡಿಸಿದರು, ಯಾವ ವಯಸ್ಸಿನ ಹೆಂಗಸರ ತಲೆಯ ಮೇಲೆ ಸೆರಗಿತ್ತು, ಯಾರ ಕೈಯಲ್ಲಿ ಮೊದಲ ಮೊಬೈಲು ಕಾಣಿಸಿತು ಎಂಬುದೆಲ್ಲ ಅಲ್ಲಿದೆ. ಕ್ಯಾಮೆರಾದವನು ಆರಿಸಲು ಮರೆತ ಹೊತ್ತಿನಲ್ಲಿ ಮುದುಕಿಯರು ಆಡಿದ ಮಾತು ಭಾಷಾಶಾಸ್ತ್ರಜ್ಞರಿಗೆ ಬೇರೆಲ್ಲಿ ಸಿಕ್ಕೀತು? ದಿಬ್ಬಣವು ಬ್ಯಾಡಗಿಯ ಪೇಟೆಯ ಮೂಲಕ ಸಾಗಿದರೆ ಹಿನ್ನೆಲೆಯಲ್ಲಿ ಮೆಣಸಿನಕಾಯಿಯ ಚೀಲಗಳ ಸಾಲು, ರಾಣೇಬೆನ್ನೂರಿನಲ್ಲಾದರೆ ಬೀಜದ ಅಂಗಡಿಗಳ ಫಲಕಗಳು, ಹಾವೇರಿಯಲ್ಲಾದರೆ ಅತಿಥಿಗಳ ಕೊರಳಿನ ಏಲಕ್ಕಿಯ ಹಾರ. ಸಂಕಲನಕಾರನು ಕಸವೆಂದು ಕತ್ತರಿಸಿ ಬಿಸಾಡಿದ್ದು ಬಹುತೇಕ ಇದನ್ನೇ.

ಸಾರ್ವಜನಿಕ ಘಟನೆಗಳ ವಿಷಯದಲ್ಲಿ ಈ ವಿವೇಚನೆ ಇನ್ನೂ ಅಗತ್ಯವಾದುದು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ನಡೆದ ರೈತರ ಪ್ರತಿಭಟನೆಯ ಕಾಲಕ್ಕೆ ಪೊಲೀಸರು ಗುಂಡು ಹಾರಿಸಿ ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಅದು ಕ್ಯಾಸೆಟ್ಟಿನ ಕ್ಯಾಮೆರಾಗಳು ಇನ್ನೂ ಸುದ್ದಿಗಾರರ ಹೆಗಲ ಮೇಲಿದ್ದ ಕಾಲ. 2024ರ ಮಾರ್ಚ್ 11ರಂದು ಬ್ಯಾಡಗಿಯ ಕೃಷಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿದು ರೈತರ ಸಿಟ್ಟು ಕಚೇರಿಗೂ ವಾಹನಗಳಿಗೂ ಬೆಂಕಿಯಾದಾಗ ಅದು ನೂರಾರು ಮೊಬೈಲುಗಳಲ್ಲಿ ಸೆರೆಯಾಗಿ ಸಂಜೆಯೊಳಗೆ ನಾಡೆಲ್ಲ ಹರಡಿತು. ಎರಡೂ ರೈತರ ಆಕ್ರೋಶದ ಪ್ರಸಂಗಗಳೇ. ಎರಡೂ ಒಂದೇ ಜಿಲ್ಲೆಯವು. ಮುಂದಿನ ಇತಿಹಾಸಕಾರನ ಮುಂದೆ ಎರಡನೆಯದರ ಚಿತ್ರಗಳು ರಾಶಿರಾಶಿಯಾಗಿ ನಿಲ್ಲುವವು. ಮೊದಲನೆಯದಕ್ಕೆ, ಗುಂಡಿಗೆ ಮುನ್ನ ಏನಾಯಿತು, ಎಷ್ಟು ಹೊತ್ತಿನ ಅಂತರವಿತ್ತು ಎಂಬ ಪ್ರಶ್ನೆಗಳಿಗೆ, ವಾರ್ತೆಯಲ್ಲಿ ತೋರಿಸಿದ ಅರೆನಿಮಿಷದ ತುಣುಕು ಸಾಲದು. ದಿನಾಂಕ, ಸೆಕೆಂಡುಗಳ ಸಮೇತ ಇರುವ ಮೂಲಪಟ್ಟಿಯೇ ಬೇಕು.

ಆದರೆ ಪಟ್ಟಿಯನ್ನು ಓದುವ ದಾರಿಯು ಮುಚ್ಚುತ್ತ ಬಂದಿದೆ. 2006ರಲ್ಲಿ ಸೋನಿ, ಪ್ಯಾನಾಸಾನಿಕ್ ಸಂಸ್ಥೆಗಳು ಎವಿಸಿಎಚ್‌ಡಿ ಎಂಬ ಹೊಸ ಪದ್ಧತಿಯನ್ನು ಪ್ರಕಟಿಸಿದ ಮೇಲೆ ದೃಶ್ಯವು ಪಟ್ಟಿಯನ್ನು ತೊರೆದು ಮೆಮರಿ ಕಾರ್ಡನ್ನು ಸೇರಿತು. ಕಾರ್ಡಿನಿಂದ ನಕಲು ಮಾಡುವುದಕ್ಕೆ ಫೈರ್‌ವೈರ್ ಬೇಕಿಲ್ಲ. ಗಣಕಯಂತ್ರಗಳಿಂದ ಆ ರಂಧ್ರವು ಒಂದೊಂದಾಗಿ ಮಾಯವಾಯಿತು. 2012ರಲ್ಲಿ ಆಪಲ್ಲಿನವರು ಹೊಸ ರಂಧ್ರಕ್ಕೆ ಹಳೆಯ ತಂತಿಯನ್ನು ಕೂಡಿಸುವ ತುಣುಕನ್ನು ಮಾರಾಟಕ್ಕಿಟ್ಟರು. 2025ರಲ್ಲಿ ಹೊರಬಂದ ಮ್ಯಾಕ್ ಒಎಸ್ 26ರಲ್ಲಿ, ಆ ತಂತಿಗೆ ಹೆಸರಿಟ್ಟ ಅದೇ ಸಂಸ್ಥೆಯು, ಅದರ ಬೆಂಬಲವನ್ನೇ ಕೈಬಿಟ್ಟಿತು. ಲಿನಕ್ಸಿನಲ್ಲಿ ಈ ಭಾಗವನ್ನು ನೋಡಿಕೊಳ್ಳುವವರು 2029ರವರೆಗೆ ಮುಂದುವರಿಸುವ ಯೋಜನೆಯನ್ನು ತಿಳಿಸಿದ್ದಾರೆ. ಹಳೆಯ ಮೇಜಿನ ಗಣಕಕ್ಕೆ ಕಾರ್ಡು ಕೂರಿಸಿ ಕೆಲಸ ನಡೆಸುವುದು ಇಂದಿಗೂ ಸಾಧ್ಯ. ನಿಜವಾದ ಕಷ್ಟವಿರುವುದು ಕ್ಯಾಮೆರಾದಲ್ಲಿ. ಹೊಸ ಕ್ಯಾಮೆರಾ ತಯಾರಾಗುತ್ತಿಲ್ಲ, ತಿರುಗುವ ತಲೆ ಸವೆದರೆ ಬದಲಿಸಲು ಬಿಡಿಭಾಗ ದೊರೆಯುವುದು ದುರ್ಲಭ. ಪಟ್ಟಿಯೂ ಬೂಷ್ಟು, ಧೂಳು, ಸೆಕೆಗಳಿಗೆ ಸಿಕ್ಕು ಕೆಡುತ್ತದೆ. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರದವರು 2015ರಲ್ಲಿಯೇ, ಕಾಂತಪಟ್ಟಿಯಲ್ಲಿರುವುದನ್ನು 2025ರೊಳಗೆ ವರ್ಗಾಯಿಸದಿದ್ದರೆ ಬಹುಪಾಲು ಕೈತಪ್ಪುವುದೆಂದು ಎಚ್ಚರಿಸಿದ್ದರು. ಮೆಣಸಿನಕಾಯಿಯ ಬಣ್ಣ ಕೆಡದಿರಲೆಂದು ಬ್ಯಾಡಗಿಯಲ್ಲಿ ಅನೇಕ ಶೀತಲಗೃಹಗಳು ಎದ್ದಿವೆ; ಅದೇ ಊರಿನ ಮೂವತ್ತು ವರ್ಷಗಳ ಮುಖಗಳಿಗೆ ತಂಪಾದ ಒಂದು ಕಪಾಟೂ ಇಲ್ಲ ಎಂದು ನೆನೆದರೆ ವ್ಯಥೆಯಾಗುತ್ತದೆ.

ಈ ಕೆಲಸಕ್ಕೆ ನೆಲೆಯಾಗಬಲ್ಲ ಸಂಸ್ಥೆಗಳು ದೂರದಲ್ಲಿಲ್ಲ. ಇದೇ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಗೆ ಶಾಸನದ ಅಚ್ಚುಗಳನ್ನು ಕಾಪಾಡಿದ ಅನುಭವವಿದೆ. ಆದರೆ ಕ್ಯಾಸೆಟ್ಟುಗಳು ತಾವಾಗಿ ಅಲ್ಲಿಗೆ ನಡೆದುಬರುವುದಿಲ್ಲ. ಮೂರೂ ಊರುಗಳ ಕಾಲೇಜುಗಳ ಇತಿಹಾಸ ವಿಭಾಗಗಳು ಮೊದಲು ತಮ್ಮ ವಿದ್ಯಾರ್ಥಿಗಳಿಂದ ಪಟ್ಟಿಯೊಂದನ್ನು ಮಾಡಿಸಬೇಕು: ಯಾರ ಬಳಿ ಎಷ್ಟು ಕ್ಯಾಸೆಟ್ಟುಗಳಿವೆ, ಅವುಗಳ ಮೇಲಿನ ಬರಹವೇನು, ತೆಗೆದ ಕ್ಯಾಮೆರಾ ಇನ್ನೂ ನಡೆಯುತ್ತಿದೆಯೇ ಎಂಬ ಮೂರು ಸಂಗತಿಗಳಿದ್ದರೆ ಸಾಕು. ಕೊನೆಯದನ್ನು ಅಲಕ್ಷಿಸಬಾರದು, ಏಕೆಂದರೆ ತೆಗೆದ ಕ್ಯಾಮೆರಾದಲ್ಲಿಯೇ ನಡೆಸಿದ ಪಟ್ಟಿಯು ಸಾಮಾನ್ಯವಾಗಿ ಎಲ್ಲಕ್ಕಿಂತ ಶುದ್ಧವಾಗಿ ಓಡುತ್ತದೆ. ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯತಕ್ಕದ್ದು. ಮದುವೆಯ ಪಟ್ಟಿಯಲ್ಲಿ ತೀರಿಹೋದವರಿರುತ್ತಾರೆ, ಮುರಿದ ಸಂಬಂಧಗಳಿರುತ್ತವೆ. ನೋಡಲು ಮನೆಯವರಿಗೇ ಮನಸ್ಸಿಲ್ಲದ ದೃಶ್ಯಗಳಿರುತ್ತವೆ. ಅಂತಹುದನ್ನು ಇಂತಿಷ್ಟು ವರ್ಷ ಯಾರಿಗೂ ತೋರಿಸದೆ ಮುಚ್ಚಿಡುವುದಾಗಿ ಮಾತು ಕೊಟ್ಟು, ಮಾತಿನಂತೆ ನಡೆಯಬೇಕು.

ವರ್ಗಾವಣೆಯ ಕ್ರಮದಲ್ಲಿ ಒಂದು ಅಂಶವು ಮಾತ್ರ ವಿಶೇಷ ಗಮನಕ್ಕೆ ಅರ್ಹ. ಪಟ್ಟಿಯ ಗೆರೆಯೊಂದು ಓದಲು ಬಾರದಿದ್ದರೆ ಕ್ಯಾಮೆರಾವು ಸುಮ್ಮನಿರುವುದಿಲ್ಲ; ಹಿಂದಿನ ಚಿತ್ರದ ಚೂರನ್ನು ತಂದು ಆ ಸ್ಥಳದಲ್ಲಿ ತೇಪೆ ಹಾಕುತ್ತದೆ. ಕೊಳೆಯಾದ ತಲೆ ಒಂದು ಸಲ ಬಿಟ್ಟದ್ದನ್ನು, ಒರೆಸಿದ ಬಳಿಕ ಇನ್ನೊಂದು ಸಲ ಓದೀತು. ಹೀಗಾಗಿ ಎರಡು ಸಲ ಇಳಿಸಿದ ಒಂದೇ ಪಟ್ಟಿಯ ಎರಡು ನಕಲುಗಳು ಅಲ್ಲಲ್ಲಿ ಭಿನ್ನವಾಗಿರುವುದುಂಟು. ಡಿವಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವು ಇಂಥ ಎರಡು ಮೂರು ನಕಲುಗಳನ್ನು ಚಿತ್ರಕ್ಕೆ ಚಿತ್ರವನ್ನು ತಾಳೆ ನೋಡಿ, ಯಾವುದರಲ್ಲಿ ತೇಪೆಯಿಲ್ಲವೋ ಅದನ್ನು ಆಯ್ದು ಒಂದು ಶುದ್ಧಪ್ರತಿಯನ್ನು ಸಿದ್ಧಪಡಿಸುತ್ತದೆ. ನಮ್ಮ ಗ್ರಂಥಸಂಪಾದಕರು ಕ, ಖ, ಗ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುವ ವಿಧಾನವೇ ಇದು. ಆದುದರಿಂದ ಪ್ರತಿಯೊಂದು ಪಟ್ಟಿಯನ್ನು ಕಡಿಮೆಯೆಂದರೆ ಎರಡು ಸಲ ಇಳಿಸಿ, ಎರಡನ್ನೂ ಅಳಿಸದೆ ಇಟ್ಟುಕೊಂಡು, ಯಾವ ಕ್ಯಾಮೆರಾದಿಂದ ಯಾವ ದಿನ ಇಳಿಸಿದ್ದೆಂಬುದನ್ನು ನಮೂದಿಸಬೇಕು. ಎರಡು ನಕಲಿಗೆ 26 ಗಿಗಾಬೈಟು. ಇಂದು ಅಂಗೈಯಲ್ಲಿ ಹಿಡಿಯುವ ಡಿಸ್ಕಿನೊಳಗೆ ಅಂಥ ನೂರು ಕ್ಯಾಸೆಟ್ಟುಗಳಿಗೆ ಧಾರಾಳವಾಗಿ ಜಾಗವಿದೆ.